ಬುಧವಾರ ರುಬ್ಬಿದ ಹಿಟ್ಟು

ಏಪ್ರಿಲ್ 9, 1957, ಮಂಗಳವಾರ

ಇವತ್ತು ಮಧ್ಯಾಹ್ನ ನಾಲ್ಕು ಜನ ಹಮಾಲರು ಸೇರಿ ಪೆಟ್ಟಿಗೆಯನ್ನು ಮೂರನೇ ಮಹಡಿಗೆ ಹೊತ್ತು ತಂದರು. ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಗ್ಗ ಕಟ್ಟಿ, ಒಬ್ಬರನ್ನೊಬ್ಬರು ಬೈದುಕೊಂಡು, ಗೋಡೆಯ ಸುಣ್ಣ ಒಂದು ಮೊಳ ಕೆರೆದ ಮೇಲೆ ಒಳಗೆ ಬಂತು. ಈಗ ಅಡುಗೆಮನೆಯಲ್ಲಿ ಅದು ನಿಂತಿದೆ, ನನಗೆ ನಿಲ್ಲಲು ಜಾಗವಿಲ್ಲ.

ಇವರು ಬಾಗಿಲು ತೆಗೆದು ತೋರಿಸಿದರು. ಒಳಗೆ ದೀಪ ಹತ್ತಿತು.

"ಬಾಗಿಲು ಹಾಕಿದ್ರೆ ದೀಪ ತಾನೇ ಆರತ್ತೆ."

"ಒಳಗೆ ಕೂತು ನೋಡಿದೋರು ಯಾರು?" ಎಂದೆ.

ನಗಲಿಲ್ಲ. ಇವರಿಗೀಗ ನಗಲು ಪುರುಸೊತ್ತಿಲ್ಲ. ಬೊಂಬಾಯಿಯ ಫೋರ್ಟಿನಲ್ಲಿರುವ ಇವರ ಕಂಪನಿ ಮಾರುವುದು ಈ ರೆಫ್ರಿಜರೇಟರುಗಳನ್ನೇ. ನಮ್ಮ ಕಡೆಯ ಹೆಂಗಸರು ಮಾತ್ರ ಕೊಳ್ಳುತ್ತಿಲ್ಲವಂತೆ. ಮೇಲಧಿಕಾರಿ ಜಯಸಿಂಹ ಅವರು ಒಂದು ಉಪಾಯ ಮಾಡಿದ್ದಾರೆ: ಒಂದು ಪೆಟ್ಟಿಗೆ ಎರಡು ತಿಂಗಳು ನಮ್ಮ ಮನೆಯಲ್ಲಿರಲಿ, ನಂಜುಂಡಯ್ಯನ ಹೆಂಡತಿ ಅದರಲ್ಲಿ ಏನೇನು ಹೇಗೆ ಇಡಬೇಕೆಂದು ಕಲಿಯಲಿ, ಮೇ ಕೊನೆಗೆ ಹಿಂದೂ ಕಾಲೊನಿಯ ಮಹಿಳಾ ಸಮಾಜದಲ್ಲಿ ಗಂಡ ಹೆಂಡತಿ ಮಾಡಿ ತೋರಿಸಲಿ. ನಾಲ್ಕು ಜನವಾದರೂ ಕೊಳ್ಳಲು ಹೆಸರು ಬರೆಸಿದರೆ ಇವರ ಕೆಲಸ ಬೊಂಬಾಯಿಯಲ್ಲೇ ಖಾಯಂ. ಇಲ್ಲದಿದ್ದರೆ ಬೆಂಗಳೂರಿನ ಗೋಡೌನಿಗೆ ವಾಪಸ್ಸು, ಮೊದಲಿದ್ದ ಗುಮಾಸ್ತೆ ಕೆಲಸಕ್ಕೆ.

ಇದನ್ನು ಹೇಳುವಾಗ ಇವರ ಮುಖ ಬಿಳುಚಿಕೊಂಡಿತ್ತು. ನಾನು ತಲೆ ತಗ್ಗಿಸಿದೆ, ಖುಷಿ ಕಾಣಬಾರದೆಂದು. ಬೆಂಗಳೂರೆಂದರೆ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ನಂಜನಗೂಡು. ಪ್ರತಿ ಹಬ್ಬಕ್ಕೂ ಅಮ್ಮನ ಮನೆ.

ಶ್ರೀಕಂಠೇಶ್ವರಾ, ಒಬ್ಬರೂ ಹೆಸರು ಬರೆಸದಿರಲಿ.

ಈ ಡೈರಿಯೂ ಕಂಪನಿ ಕೊಟ್ಟದ್ದೇ, ಜನವರಿಯಿಂದ ಖಾಲಿ ಬಿದ್ದಿತ್ತು. ಅಮ್ಮನಿಗೆ ಕಾಗದದಲ್ಲಿ "ನಾವೆಲ್ಲ ಕ್ಷೇಮ" ಎಂದು ಬರೆಯುತ್ತೇನೆ. ಉಳಿದದ್ದು ಇಲ್ಲಿರಲಿ.

ಏಪ್ರಿಲ್ 11, ಗುರುವಾರ

ನಿನ್ನೆ ಕುದಿಯುವ ಸಾರನ್ನು ಹಾಗೇ ಒಳಗಿಟ್ಟೆ. ಬೇಗ ಆರಲಿ ಎಂದು. ಪಾತ್ರೆಗೆ ಮುಚ್ಚಳವನ್ನೂ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆಲ್ಲ ಬೆವರು. ಮೊಸರಿನ ಮೇಲೆ ನೀರು. ಇವರು ಕಾಫಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಕಾಫಿಗೆ ಒಗ್ಗರಣೆ ಹಾಕಿದ್ಯೇನೇ?"

ಹಾಲಿಗೆಲ್ಲ ಇಂಗಿನ ವಾಸನೆ ಹಿಡಿದಿತ್ತು.

ಕಂಪನಿಯವರು ಕೊಟ್ಟ ಇಂಗ್ಲಿಷ್ ಪುಸ್ತಕವನ್ನು ಅಕ್ಷರ ಕೂಡಿಸಿ ಓದಿದೆ. ಅದರಲ್ಲಿ ಒಂದು ಕುರಿಯ ತೊಡೆಯ ಚಿತ್ರ, ಬೆಣ್ಣೆಯ ಚಿತ್ರ, ಕೆಂಪಗೆ ಅಲುಗುವಂಥ ಯಾವುದೋ ಪದಾರ್ಥದ ಚಿತ್ರ. ಸಾರಿನ ಮಾತಿಲ್ಲ. ಹುಳಿ, ಗೊಜ್ಜು, ತುರಿದ ಕಾಯಿ, ನೆನೆಹಾಕಿದ ಬೇಳೆ, ಯಾವುದರ ಮಾತೂ ಇಲ್ಲ. ಬರೆದವಳು ಯಾವ ಮನೆಯ ಹೆಂಗಸೋ, ಅವಳ ಮನೆಯಲ್ಲಿ ಊಟಕ್ಕೆ ಏನು ಮಾಡುತ್ತಾರೋ.

ಏಪ್ರಿಲ್ 12, ಶುಕ್ರವಾರ

ಮೇಲಿನ ಬರ್ಫದ ಗೂಡಿನಲ್ಲಿ ಲೋಟದ ತುಂಬ ನೀರಿಟ್ಟಿದ್ದೆ. ಗಾಜು ಸೀಳಿ ಹೋಗಿದೆ. ಸೀಳಿದ ಗಾಜಿನೊಳಗೆ ನೀರು ಮಾತ್ರ ಲೋಟದ ಆಕಾರದಲ್ಲೇ ನಿಂತಿದೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ. ಬೇರೆ ಕೆಲಸವಿಲ್ಲ.

ಏಪ್ರಿಲ್ 18, ಗುರುವಾರ

ಮಧ್ಯಾಹ್ನ ಕೂತಲ್ಲಿ ಕೂರಲಾಗುವುದಿಲ್ಲ. ಖೋಲಿಗಳ ಮುಂದಿನ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಲವತ್ತೆರಡು ಹೆಜ್ಜೆ. ಹೋಗುತ್ತೇನೆ, ಬರುತ್ತೇನೆ. ಆ ತುದಿಯಲ್ಲಿ ನಿಂತರೆ ದಾದರ್ ಸ್ಟೇಷನ್ನಿಂದ ಪೂನಾ ಕಡೆಗೆ ಹೋಗುವ ಗಾಡಿ ಕಾಣುತ್ತದೆ. ಪೂನಾದಲ್ಲಿ ಗಾಡಿ ಬದಲಿಸಿದರೆ ಆಮೇಲೆ ನಮ್ಮ ದಾರಿ.

ಇವತ್ತು ಹಾಗೆ ನಡೆಯುವಾಗ ಪಕ್ಕದ ಖೋಲಿಯ ವಾರಿಜಾ ತಡೆದಳು. ಉಡುಪಿ ಕಡೆಯವಳು. ಗಂಡ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ.

"ಎಂತ ಮಾರಾಯ್ರೆ, ದಿನಾ ಗಸ್ತು ತಿರುಗುವುದಾ? ಪೊಲೀಸಿನವರು ಸಂಬಳ ಕೊಡ್ತಾರಾ?"

ನಗು ಬಂತು. ಅವಳು ಕೈಯಲ್ಲಿ ಒಂದು ಪಾತ್ರೆ ಹಿಡಿದಿದ್ದಳು.

"ಈ ಹಿಟ್ಟು ಒಂದು ನಿಮ್ಮ ಪೆಟ್ಟಿಗೆಯಲ್ಲಿ ಇಡ್ಲಿಕ್ಕೆ ಆಗ್ತದಾ? ಬೆಳಿಗ್ಗೆ ಉಬ್ಬಿದ್ದು ಸಂಜೆ ಒಳಗೆ ಹುಳಿಯಾಗಿ ಸಾಯ್ತದೆ. ಬಂಗುಡೆ ಮೀನು ತಂದು ಇಡ್ತೇನೆ ಅಂತ ಹೆದರಬೇಡಿ ಆಯ್ತಾ. ಅದು ಎಲ್ಲ ನಮ್ಮಲ್ಲಿ ಒಂದು ಹೊತ್ತಿಗೇ ಮುಗೀತದೆ."

ಅವಳ ಹಿಂದೆಯೇ ಎದುರು ಖೋಲಿಯ ರುದ್ರವ್ವ ಬಂದಳು. ಬಿಜಾಪುರದ ಕಡೆಯವಳು, ಗಂಡ ಮಿಲ್ಲಿನಲ್ಲಿದ್ದಾನೆ. ಊರಿನಿಂದ ತಮ್ಮ ಈರಣ್ಣ ತಂದ ಬೆಣ್ಣೆ ಅವಳ ಗಡಿಗೆಯಲ್ಲಿ ಎಣ್ಣೆಯಾಗಿ ಹೋಗುತ್ತಿತ್ತು.

"ತಂಗೀ, ಆ ಥಂಡಿ ಕಪಾಟಿನಾಗ ಇದಕ್ಕೊಂದೀಟು ಜಾಗಾ ಕೊಡು. ಪುಣ್ಯಾ ಬರ್ತೈತಿ ನಿನಗ."

ಇಬ್ಬರಿಗೂ ಇಲ್ಲವೆನ್ನಲು ಆಗಲಿಲ್ಲ. ಆದರೆ ಒಂದು ತೊಡಕು. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ನೀರಿಗೆ ಅದ್ದದೆ ಹಾಲು ಮೊಸರು ಮುಟ್ಟುವ ಹಾಗಿಲ್ಲ, ಅಮ್ಮನ ಮನೆಯಲ್ಲಿ ಅದು ಮುಸುರೆ. ಅಲ್ಲಿ ಅನ್ನಕ್ಕೊಂದು ಮೂಲೆ, ಹಾಲಿಗೊಂದು ಗೂಡು. ಇಲ್ಲಿ ಎಲ್ಲಕ್ಕೂ ಒಂದೇ ಬಾಗಿಲು, ಒಂದೇ ಹಿಡಿ. ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಹಾಲು, ಮೊಸರು, ಬೆಣ್ಣೆಯನ್ನು ಮೇಲಿನ ಅಂಕಣದಲ್ಲಿಟ್ಟೆ, ಹಿಟ್ಟು ಮತ್ತು ಕಾಯಿಯನ್ನು ನಡುವೆ, ಬೇಯಿಸಿದ್ದನ್ನು ಎಲ್ಲಕ್ಕಿಂತ ಕೆಳಗೆ. ಮೇಲಿನದು ಕೆಳಗೆ ತೊಟ್ಟಿಕ್ಕಿದರೆ ದೋಷವಿಲ್ಲ, ಕೆಳಗಿನದು ಮೇಲಕ್ಕೆ ತೊಟ್ಟಿಕ್ಕುವುದಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಮಣೆ ಹಾಕಿ ನೀರಿನ ಚೊಂಬು ಇಟ್ಟೆ. ಕೈ ಅದ್ದಿ, ಒರೆಸಿ, ಆಮೇಲೆ ಹಿಡಿ ಮುಟ್ಟಬೇಕು.

ರುದ್ರವ್ವ ಚೊಂಬು ನೋಡಿ, "ಇದೇನು, ಕಪಾಟಿಗೂ ಬಾಯಾರಿಕಿ ಆಗತೈತೇನು?" ಎಂದಳು. ಆದರೂ ಕೈ ಅದ್ದಿದಳು.

ಏಪ್ರಿಲ್ 27, ಶನಿವಾರ

ಸೆಖೆ. ಏನೂ ಬೇಡವೆನಿಸುತ್ತಿದೆ.

ಅಮ್ಮನ ಅಡುಗೆಮನೆಯಲ್ಲಿ ಈಗ ಹೇಗಿರುತ್ತದೆಂದು ನೆನೆಸಿಕೊಳ್ಳುತ್ತಿದ್ದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಒದ್ದೆ ಮರಳು ಹರಡಿರುತ್ತಾರೆ, ಕಪಿಲೆಯಿಂದ ತಂದದ್ದು. ಅದರ ಮೇಲೆ ನೀರಿನ ಮಡಕೆ. ಮರಳೊಳಗೆ ನಿಂಬೆಹಣ್ಣು ಹೂತಿರುತ್ತದೆ. ವೀಳ್ಯದೆಲೆ ಒದ್ದೆ ಬಟ್ಟೆಯಲ್ಲಿ. ಹಾಲು ಮೊಸರು ನೆಲುವಿನ ಮೇಲೆ, ಬೆಕ್ಕಿಗೆ ಸಿಗದಷ್ಟು ಎತ್ತರದಲ್ಲಿ. ಚಿಕ್ಕವಳಿದ್ದಾಗ ನಾನು ಆ ನೆಲುವನ್ನು ತೂಗಿ ಮೊಸರು ಚೆಲ್ಲಿ ಹೊಡೆತ ತಿಂದಿದ್ದೆ. ಮಧ್ಯಾಹ್ನ ಆ ಮರಳಿನ ಪಕ್ಕ ಸೆರಗು ಹಾಸಿ ಮಲಗಿದರೆ ಬೆನ್ನು ತಣ್ಣಗಾಗುತ್ತಿತ್ತು. ಮಡಕೆಯ ಕೆಳಗಿನಿಂದ ಮಣ್ಣಿನ ವಾಸನೆ ಬರುತ್ತಿತ್ತು.

ಈ ಪೆಟ್ಟಿಗೆಯ ತಂಪಿಗೆ ವಾಸನೆಯೇ ಇಲ್ಲ.

ಅಮ್ಮನಿಗೆ ಈ ವಾರ ಇದು ಮೂರನೇ ಕಾಗದ.

ಮೇ 6, ಸೋಮವಾರ

ರಸಬಾಳೆ ಬಂತು! ಚನ್ನಬಸಯ್ಯನವರು ವ್ಯಾಪಾರದ ಮೇಲೆ ಬೊಂಬಾಯಿಗೆ ಬರುವವರಿದ್ದರು, ನಂಜನಗೂಡಿನ ನಮ್ಮ ಬೀದಿಯವರು. ಅಮ್ಮ ಅವರ ಕೈಯಲ್ಲಿ ಎರಡು ಚಿಪ್ಪು ಕಳಿಸಿದ್ದಾರೆ, ಬಾಳೆಯ ಒಣಪಟ್ಟೆಯಲ್ಲಿ ಸುತ್ತಿ. ಮೂರು ಗಾಡಿ ಬದಲಿಸಿ ಬಂದರೂ ಒಂದಕ್ಕೂ ಪೆಟ್ಟಾಗಿಲ್ಲ. ಪಟ್ಟೆ ಬಿಚ್ಚಿದೊಡನೆ ಖೋಲಿಯ ತುಂಬ ವಾಸನೆ ಹರಡಿತು. ನಮ್ಮ ಹಿತ್ತಿಲು, ನಮ್ಮ ದೇವರಮನೆ, ಎಲ್ಲ ಬಂದು ಕೂತ ಹಾಗಾಯಿತು.

ಒಂದು ಹಣ್ಣನ್ನು ದೇವರಿಗಿಟ್ಟು ಇಬ್ಬರೂ ಅರ್ಧರ್ಧ ತಿಂದೆವು. ಉಳಿದ ಹತ್ತೊಂಬತ್ತನ್ನೂ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ವಾರಿಜಳ ಹಿಟ್ಟನ್ನು ಹೊರಗೆ ತೆಗೆದು ಜಾಗ ಮಾಡಿದೆ. ಅವಳು ಸ್ವಲ್ಪ ದಿನ ಹೇಗೋ ಮಾಡಿಕೊಳ್ಳಲಿ. ದಿನಕ್ಕೊಂದು ತಿಂದರೆ ಮೇ ಕೊನೆಯವರೆಗೂ ಬರುತ್ತದೆ. ಆಮೇಲೆ ಹೇಗೂ ಊರಿಗೇ ಹೋಗುವುದಲ್ಲ.

ಮೇ 9, ಗುರುವಾರ

ಎಲ್ಲ ಕಪ್ಪಾಗಿವೆ. ಒಂದೂ ಬಿಡದೆ. ಸುಟ್ಟ ಬದನೆಕಾಯಿಯ ಹಾಗೆ.

ನಾನು ನೆಲದ ಮೇಲೆ ಕೂತು ಅತ್ತೆ. ಮಗು ಅತ್ತ ಹಾಗೆ ಜೋರಾಗಿ. ವಾರಿಜಾ, ರುದ್ರವ್ವ ಇಬ್ಬರೂ ಓಡಿ ಬಂದರು. ಯಾರೋ ತೀರಿಕೊಂಡರೆಂದು ತಿಳಿದಿದ್ದರಂತೆ.

"ಯವ್ವಾ, ಬಾಳೀಹಣ್ಣಿಗಿ ಇಷ್ಟ್ಯಾಕ ಅಳತಿ!" ಎಂದು ರುದ್ರವ್ವ ನನ್ನ ಬೆನ್ನು ಸವರಿದಳು. "ನನ್ನ ಜೀವಾ ಹೋದಂಗಾಗಿತ್ತು."

ಅಮ್ಮ ಕಳಿಸಿದ್ದು ಎಂದೆ.

ವಾರಿಜಾ ಚೊಂಬಿನಲ್ಲಿ ಕೈ ಅದ್ದಿ, ಒಂದು ಹಣ್ಣು ತೆಗೆದು ಸಿಪ್ಪೆ ಸುಲಿದಳು. ಒಳಗೆ ಬೆಣ್ಣೆಯಂತಿತ್ತು. ಮೂಸಿದಳು.

"ಸಿಪ್ಪೆ ಮಾತ್ರ ಕಪ್ಪು ಮಾರಾಯ್ತಿ. ಬಾಳೆಹಣ್ಣಿಗೆ ಚಳಿ ಆಗಿ ಬರುದಿಲ್ಲ, ನಿಮ್ಮ ಹಾಗೆಯೇ ಅದು, ಊರು ಬಿಟ್ರೆ ಮೋರೆ ಕಪ್ಪು. ಇನ್ನು ಇಟ್ರೆ ಮಾತ್ರ ಹೋಗ್ತದೆ. ಮೈದಾ ಉಂಟಾ ಮನೆಯಲ್ಲಿ?"

ಹಣ್ಣನ್ನೆಲ್ಲ ಕಿವುಚಿ, ಮೈದಾ, ಮೊಸರು, ಚೂರು ಸಕ್ಕರೆ, ಜೀರಿಗೆ ಹಾಕಿ ನಾದಿ ಮುಚ್ಚಿಟ್ಟಳು. ಸಂಜೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಒಂದೊಂದೂ ಚೆಂಡಿನ ಹಾಗೆ ಉಬ್ಬಿತು. ಬನ್ಸ್ ಎನ್ನುತ್ತಾರಂತೆ ಅವರ ಕಡೆ. ಮಹಡಿಯವರೆಲ್ಲ ತಿಂದರು. ಕೊನೆಯ ಖೋಲಿಯ ಮರಾಠಿ ಅಜ್ಜಿ ಎರಡು ಸಲ ಕೇಳಿ ಹಾಕಿಸಿಕೊಂಡರು.

ರಸಬಾಳೆಯನ್ನು ಹಿಟ್ಟಿಗೆ ಹಾಕಿ ಕರಿದಿದ್ದು ಗೊತ್ತಾದರೆ ಅಪ್ಪ ನನ್ನನ್ನು ಮನೆಗೆ ಸೇರಿಸುವುದಿಲ್ಲ. ರುಚಿ ಚೆನ್ನಾಗಿತ್ತು. ನಾಲ್ಕು ತಿಂದೆ.

ವಾರಿಜಳ ಹಿಟ್ಟನ್ನು ಮೊದಲಿನ ಜಾಗದಲ್ಲೇ ಇಟ್ಟೆ. ಅವಳು ಆ ವಿಷಯ ಎತ್ತಲೇ ಇಲ್ಲ.

ಮೇ 15, ಬುಧವಾರ

ಜಯಸಿಂಹ ಅವರು ಮನೆಗೆ ಬಂದಿದ್ದರು. ಬೆಂಗಳೂರಿನವರು, ಸೂಟು, ಟೈ. ಪೆಟ್ಟಿಗೆಯ ಬಾಗಿಲು ತೆಗೆದು ನೋಡಿ ಹುಬ್ಬೇರಿಸಿದರು. ಒಳಗೆ ಆಗ ಒಂಬತ್ತು ಮನೆಯ ಪಾತ್ರೆಗಳಿದ್ದವು.

"ಇದೇನ್ರೀ ನಂಜುಂಡಯ್ಯ, ಕಂಪನಿ ಮಾಲಲ್ಲಿ ಛತ್ರ ನಡೆಸ್ತಿದ್ದೀರಾ?"

ಇವರು ಬೆವರಿದರು. ಆಮೇಲೆ ಜಯಸಿಂಹ ಅವರೇ ನಕ್ಕು, "ಇರಲಿ, ಇರಲಿ. 26ನೇ ತಾರೀಕು ಭಾನುವಾರ, ಸಾಯಂಕಾಲ ನಾಲ್ಕಕ್ಕೆ," ಎಂದರು. ಸಭಾಂಗಣದಲ್ಲಿ ಬೇರೊಂದು ಪೆಟ್ಟಿಗೆ ಇಡಿಸುತ್ತಾರಂತೆ. ನಾನು ಬುಧವಾರ ಇಡ್ಲಿ ಹಿಟ್ಟು ರುಬ್ಬಬೇಕು. ಗುರುವಾರ ಬೆಳಿಗ್ಗೆ ಉಬ್ಬಿದ ಮೇಲೆ ಒಳಗಿಡಬೇಕು. ಭಾನುವಾರ ಅದೇ ಹಿಟ್ಟನ್ನು ಒಯ್ದು ಎಲ್ಲರ ಮುಂದೆ ಬೇಯಿಸಬೇಕು. ಮೇ ತಿಂಗಳ ಸೆಖೆಯಲ್ಲಿ ನಾಲ್ಕು ದಿನದ ಹಿಟ್ಟು ಹುಳಿಯಿಲ್ಲದೆ ಬಂದರೆ ಹೆಂಗಸರು ತಾವಾಗಿ ಹೆಸರು ಬರೆಸುತ್ತಾರೆಂದು ಅವರ ಲೆಕ್ಕ.

"ಇಡ್ಲಿ ಮೇಲೆ ನಿಂತಿದೆ ನಿಮ್ಮ ಬೊಂಬಾಯಿ," ಎಂದು ಹೇಳಿ ಹೋದರು.

ಅಮ್ಮನ ಕಾಗದವೂ ಇವತ್ತೇ ಬಂತು. ನಾನು ಹಿಂದೆ ಬರೆದಿದ್ದ ಹಾಗೆ ಬೆಂಗಳೂರಿಗೆ ಬಂದುಬಿಟ್ಟರೆ ಆಷಾಢದಲ್ಲಿ ನನ್ನನ್ನು ಒಂದು ತಿಂಗಳು ಕರೆಸಿಕೊಳ್ಳುತ್ತಾರಂತೆ. ಎರಡು ಸಲ ಓದಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ.

ಮೇ 22, ಬುಧವಾರ

ಸಂಜೆ ನಾಲ್ಕಕ್ಕೆ ಉದ್ದು ರುಬ್ಬಿ, ರವೆ ಕಲೆಸಿದೆ. ಉಪ್ಪು ಹಾಕಿದೆ. ಹೊರಗಿಟ್ಟರೆ ಬೆಳಗಾಗುವುದರೊಳಗೆ ಉಬ್ಬುತ್ತದೆ.

ಹೊರಗಿಡಲಿಲ್ಲ. ಹಾಗೇ ಪೆಟ್ಟಿಗೆಯೊಳಗಿಟ್ಟೆ, ಬರ್ಫದ ಗೂಡಿನ ಕೆಳಗೆ, ಎಲ್ಲಕ್ಕಿಂತ ತಣ್ಣಗಿರುವ ಕಡೆ. ಅಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ನನಗೆ ಗೊತ್ತು. ಇವರಿಗೆ ಗೊತ್ತಾಗುವುದಿಲ್ಲ, ಮುಚ್ಚಳ ತೆಗೆದು ನೋಡುವವರೂ ಅಲ್ಲ. ಭಾನುವಾರ ಇಡ್ಲಿ ಕಲ್ಲಾಗುತ್ತದೆ, ಅಷ್ಟೇ. ಯಾರಿಗೂ ಪ್ರಾಣಾಪಾಯವಿಲ್ಲ. ಬೆಂಗಳೂರಿನ ಕೆಲಸವೇನು ಕೆಲಸವಲ್ಲವೇ?

ಇಷ್ಟೇ.

ಮೇ 23, ಗುರುವಾರ

ಬೆಳಿಗ್ಗೆ ಇವರು ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದರು. "ಮಾನ್ಯ ಮಹಿಳೆಯರೇ" ಎನ್ನುತ್ತಾರೆ, ನಿಲ್ಲುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಮತ್ತೆ "ಮಾನ್ಯ ಮಹಿಳೆಯರೇ." ಒಂದು ಕೈಯಲ್ಲಿ ಚೀಟಿ. ನಾನು ಒಲೆಯ ಕಡೆ ತಿರುಗಿ ನಿಂತೆ.

"ಹಿಟ್ಟು ಇಟ್ಟಾಯ್ತಾ ಪುಟ್ಟಿ?"

"ಆಯ್ತು."

"ಚೆನ್ನಾಗಿ ಬಂದಿದ್ಯಾ?"

"ಹೂಂ."

"ನಿನ್ನ ಕೈ ಹಿಟ್ಟು, ಬರದೆ ಏನು," ಎಂದರು. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, "ನಂಗೇನೂ ಭಯ ಇಲ್ಲ ಕಣೇ. ನಾನು ತೊದಲಿದ್ರೂ ಇಡ್ಲಿ ತೊದಲೋದಿಲ್ಲವಲ್ಲ," ಎಂದು ನಕ್ಕರು. ಇವರು ನಕ್ಕು ಎಷ್ಟು ದಿನವಾಗಿತ್ತು.

ಇವರು ಹೋದ ಮೇಲೆ ಗ್ಯಾಲರಿಯಲ್ಲಿ ನಡೆದೆ. ಎಷ್ಟು ಸಲವೋ. ವಾರಿಜಾ ಮಾತಾಡಿಸಿದಳು, ಏನು ಹೇಳಿದೆನೋ ನೆನಪಿಲ್ಲ. ಪೂನಾ ಗಾಡಿ ಹೋಯಿತು.

ಎರಡು ಗಂಟೆಗೆ ಒಳಗೆ ಬಂದು ಪಾತ್ರೆಯನ್ನು ಹೊರಗೆ ತೆಗೆದೆ. ಹಿಟ್ಟು ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಒಂದು ಗುಳ್ಳೆಯೂ ಇಲ್ಲ. ಗೋಡೆಯ ಸಾರಣೆಯ ಹಾಗೆ ಸುಮ್ಮನೆ ಬಿದ್ದಿತ್ತು. ಸತ್ತಿದೆಯೋ ಬದುಕಿದೆಯೋ ತಿಳಿಯಲಿಲ್ಲ. ಬಿಸಿಲು ಬೀಳುವ ಕಿಟಕಿಯ ಕೆಳಗಿಟ್ಟು ಬಟ್ಟೆ ಹೊದಿಸಿದೆ.

ಬೇರೆ ಹಿಟ್ಟು ರುಬ್ಬಬಹುದಿತ್ತು. ಆದರೆ ಬುಧವಾರದ್ದು ಎಂದು ಇವರು ಎಲ್ಲರ ಮುಂದೆ ಹೇಳುತ್ತಾರೆ. ಇವರ ಬಾಯಲ್ಲಿ ಸುಳ್ಳು ಹೇಳಿಸಲಾರೆ.

ಆರು ಗಂಟೆಗೆ ನೋಡಿದೆ. ಏನೂ ಇಲ್ಲ.

ಮೇ 24, ಶುಕ್ರವಾರ

ಉಬ್ಬಿದೆ! ಬೆಳಿಗ್ಗೆ ಎದ್ದವಳೇ ನೋಡಿದೆ. ಹಿಟ್ಟು ಮುಚ್ಚಳವನ್ನೇ ಮೇಲಕ್ಕೆತ್ತಿತ್ತು.

ಸತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು. ಮೆಲ್ಲಗೆ ಒಳಗಿಟ್ಟೆ.

ಮೇ 26, ಭಾನುವಾರ

ಎಲ್ಲ ಬರೆಯಬೇಕು, ಮರೆಯುವ ಮೊದಲು.

ಸಭಾಂಗಣದಲ್ಲಿ ಐವತ್ತು ಜನ ಹೆಂಗಸರಿದ್ದರು. ರೇಷ್ಮೆ ಸೀರೆ, ವಜ್ರದ ಮೂಗುಬೊಟ್ಟು, ಬೀಸಣಿಗೆ. ಮೊದಲ ಸಾಲಿನಲ್ಲಿ ಸಮಾಜದ ಅಧ್ಯಕ್ಷೆ ಅಲಮೇಲಮ್ಮ. ಮೈಸೂರಿನವರು, ಅರವತ್ತರ ಮೇಲಾಗಿದೆ, ನೋಟಕ್ಕೇ ಹಾಲು ಒಡೆಯಬೇಕು. ನಾನು ಪಕ್ಕದ ಬಾಗಿಲ ಹತ್ತಿರ ಸ್ಟವ್ ಹಚ್ಚಿಕೊಂಡು ಕೂತಿದ್ದೆ. ವಾರಿಜಾ, ರುದ್ರವ್ವ ಕರೆಯದೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಇವರು "ಮಾನ್ಯ ಮಹಿಳೆಯರೇ" ಎಂದರು, ನಿಂತರು. ಮತ್ತೆ ಎಂದರು. ಆಮೇಲೆ ಹೇಗೋ ಸಾಗಿತು. ಜಯಸಿಂಹ ಅವರು ಪೆಟ್ಟಿಗೆಯ ಬಾಗಿಲು ತೆಗೆದು, ಹಾಕಿ, ಬರ್ಫದ ತಟ್ಟೆ ತೋರಿಸಿದರು. ಹೆಂಗಸರು ಬೀಸಣಿಗೆ ಬೀಸುತ್ತಿದ್ದರು.

ಅಲಮೇಲಮ್ಮ ಕೈ ಎತ್ತಿದರು.

"ಅಲ್ಲಪ್ಪ, ಅನ್ನ ಹಾಲು ಎಲ್ಲ ಒಂದೇ ಗೂಡಲ್ಲಿ ಇಟ್ಟರೆ ಮುಸುರೆ ಏನಾಯ್ತು?"

ಜಯಸಿಂಹ ಅವರು, "ಇದು ವೈಜ್ಞಾನಿಕ ಯಂತ್ರ ತಾಯಿ," ಎಂದರು.

"ವಿಜ್ಞಾನ ನಮ್ಮನೆಗೆ ಬಂದ್ರೂ ಕಾಲು ತೊಳ್ಕೊಂಡೇ ಒಳಗೆ ಬರಬೇಕು."

ಎಲ್ಲರೂ ನಕ್ಕರು. ಅವರು ನಿಲ್ಲಿಸಲಿಲ್ಲ. "ನನ್ನ ತಂಗಿ ಮನೇಲಿದೆ ಈ ಪೆಟ್ಟಿಗೆ. ಅದರಲ್ಲಿ ಇಟ್ಟ ಹಿಟ್ಟಿನ ಇಡ್ಲಿ ತಗೊಂಡು ಗೋಡೆಗೆ ಎಸೆದರೆ ಗೋಡೆ ಬೀಳತ್ತೆ. ಅದಕ್ಕೇನು ಹೇಳ್ತೀರಿ?"

"ಹಾಗಾಗೋಕೆ ಸಾಧ್ಯವೇ ಇಲ್ಲ," ಎಂದರು ಜಯಸಿಂಹ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ಜಯಸಿಂಹ ಇವರನ್ನು ನೋಡಿದರು. ಇವರು ಚೀಟಿ ನೋಡಿದರು. ಚೀಟಿಯಲ್ಲಿ ಅದಿರಲಿಲ್ಲ. ಹಿಂದಿನ ಸಾಲಿನ ಇಬ್ಬರು ಎದ್ದು ಸೆರಗು ಸರಿಮಾಡಿಕೊಂಡು ಹೊರಡಲು ನಿಂತರು. ನಾನು ಸುಮ್ಮನಿದ್ದರೆ ಸಾಕಿತ್ತು. ಹಿಟ್ಟಿಗೆ ಏನೂ ಮಾಡಬೇಕಿರಲಿಲ್ಲ, ಕೂತಲ್ಲೇ ಕೂತಿದ್ದರೆ ಬೆಂಗಳೂರು.

ಎದ್ದು ನಿಂತೆ. ಯಾಕೆ ನಿಂತೆನೋ. ಅವರ ತಂಗಿಯ ಇಡ್ಲಿ ಯಾಕೆ ಕಲ್ಲಾಯಿತೆಂದು ನನಗೆ ಗೊತ್ತಿತ್ತು, ಗೊತ್ತಿದ್ದದ್ದು ಬಾಯಿಗೆ ಬಂತು.

"ಅಮ್ಮ, ನಿಮ್ಮ ತಂಗಿಯವರು ಹಿಟ್ಟು ಉಬ್ಬೋಕೆ ಮುಂಚೆನೇ ಒಳಗಿಟ್ಟಿರ್ತಾರೆ. ಥಂಡೀಲಿ ಹಿಟ್ಟು ಉಬ್ಬೋದಿಲ್ಲ. ಹೊರಗಿಟ್ಟು ಉಬ್ಬಿಸಿ ಆಮೇಲೆ ಇಡಬೇಕು. ಆಗ ಉಬ್ಬಿದ್ದು ಉಬ್ಬಿದ ಹಾಗೇ ನಿಲ್ಲತ್ತೆ, ಹುಳಿ ಹತ್ತೋದಿಲ್ಲ."

"ಇಟ್ಟಾಗಿಬಿಟ್ಟಿದ್ರೆ? ಚೆಲ್ಲೋದಾ?"

"ಚೆಲ್ಲಬೇಡಿ. ಸತ್ತಿರೋದಿಲ್ಲ, ಮಲಗಿರತ್ತೆ. ಹೊರಗೆ ತೆಗೆದು ಬೆಚ್ಚಗಿಡಿ. ನಿಧಾನ ಆಗತ್ತೆ, ಒಂದು ಹಗಲು ರಾತ್ರಿ ಹಿಡಿಯತ್ತೆ. ಎದ್ದೇ ಏಳತ್ತೆ."

ಅಲಮೇಲಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಪುಸ್ತಕದಲ್ಲಿದ್ಯಾ ಇದು?"

"ಇಲ್ಲ. ಈ ಹಿಟ್ಟೇ ಹಾಗಾಗಿತ್ತು. ಬುಧವಾರ ಉಬ್ಬೋ ಮುಂಚೆ ನಾನೇ ಒಳಗಿಟ್ಟಿದ್ದೆ. ಗುರುವಾರ ತೆಗೆದೆ."

ಇವರು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಆ ಕಡೆ ನೋಡಲಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಒಂದು ಇಡ್ಲಿ ಎಲೆಯ ಮೇಲೆ ಹಾಕಿ ಅವರಿಗೆ ಕೊಟ್ಟೆ. ಅವರು ಬೆರಳಿನಿಂದ ಒತ್ತಿದರು. ಅದು ತಗ್ಗಿತು, ಮತ್ತೆ ಎದ್ದಿತು. ಮುರಿದು ಬಾಯಿಗೆ ಹಾಕಿಕೊಂಡರು. ಐವತ್ತು ಬೀಸಣಿಗೆ ನಿಂತಿದ್ದವು.

"ಉಪ್ಪು ಒಂದು ಚೂರು ಕಮ್ಮಿ," ಎಂದರು. ಆಮೇಲೆ, "ಮುಸುರೆ?"

ಅಂಕಣಗಳ ವಿಷಯ, ಚೊಂಬಿನ ವಿಷಯ ಹೇಳಿದೆ. ಮೇಲಿನದು ಕೆಳಗೆ ಬೀಳಬಹುದು, ಕೆಳಗಿನದು ಮೇಲಕ್ಕೆ ಹೋಗುವುದಿಲ್ಲ ಎಂದೆ. ಹಿಂದಿನಿಂದ ರುದ್ರವ್ವ ಕೂಗಿದಳು: "ಖರೇ ಐತ್ರೀ! ಕೈ ಅದ್ದದಿದ್ರ ನಮಗ ಕಪಾಟು ಮುಟ್ಟಾಕ ಬಿಡೂದಿಲ್ಲ ಈಕಿ!"

ಆಮೇಲೆ ಪ್ರಶ್ನೆಗಳು ಶುರುವಾದವು. ಮಲ್ಲಿಗೆ ಇಡಬಹುದೇ? ಬಾಳೆ ಎಲೆಯಲ್ಲಿ ಸುತ್ತಿ ಇಡಿ. ಕಾಯಿ ತುರಿ? ಮುಚ್ಚಿದ ಡಬ್ಬಿಯಲ್ಲಿ. ಬಿಸಿ ಸಾರು? ಆರಿಸಿ, ಮುಚ್ಚಿ, ಇಲ್ಲದಿದ್ದರೆ ಕಾಫಿಗೆ ಇಂಗಿನ ವಾಸನೆ. ಬಾಳೆಹಣ್ಣು? ಅದೊಂದು ಬೇಡವೇ ಬೇಡ ಎಂದೆ. ವಾರಿಜಾ ಬಾಯಿಗೆ ಸೆರಗು ಹಿಡಿದುಕೊಂಡಳು.

ಏಳು ಜನ ಹೆಸರು ಬರೆಸಿದರು. ಮೊದಲ ಹೆಸರು ಅಲಮೇಲಮ್ಮನವರದ್ದು.

ಮನೆಗೆ ನಡೆದೇ ಬಂದೆವು. ಟ್ರಾಮ್ ದಾಟಿ ಹೋಗಲೆಂದು ನಿಂತಾಗ ಇವರು ಕೇಳಿದರು.

"ಮರೆತು ಇಟ್ಟಿದ್ಯಾ?"

"ಇಲ್ಲ."

"ಬೇಕೂಂತಲೇ?"

"ಹೂಂ."

ಟ್ರಾಮ್ ಹೋಯಿತು. ನಾವು ದಾಟಲಿಲ್ಲ.

"ಊರಿಗೆ ಹೋಗಬೇಕು ಅಂತ ಅಷ್ಟಿದ್ರೆ ಹೇಳಬಾರದಿತ್ತೇನೇ?"

"ಹೇಳಿದ್ರೆ ನೀವು ಈ ಕೆಲಸ ಬಿಟ್ಟು ಕರ್ಕೊಂಡು ಹೋಗಿಬಿಡ್ತಿದ್ರಿ," ಎಂದೆ.

ಇವರು ನನ್ನ ಕೈಯಿಂದ ಹಿಟ್ಟಿನ ಖಾಲಿ ಪಾತ್ರೆ ತೆಗೆದುಕೊಂಡು ತಾವೇ ಹಿಡಿದುಕೊಂಡರು. ಬೀದಿಯಲ್ಲಿ, ಎಲ್ಲರ ಎದುರಿಗೆ, ಸೂಟು ಹಾಕಿಕೊಂಡು.

ಮೇ 29, ಬುಧವಾರ

ಇವರ ಕೆಲಸ ಖಾಯಂ ಆಯಿತು. ಕಾಗದ ಕೈಗೆ ಬಂತು. ಪೆಟ್ಟಿಗೆಯನ್ನು ಮಾತ್ರ ಜೂನ್ 10ಕ್ಕೆ ವಾಪಸ್ಸು ಒಯ್ಯುತ್ತಾರೆ. ನಮ್ಮಂಥವರು ಕೊಳ್ಳುವ ವಸ್ತುವಲ್ಲ ಅದು.

ಅಮ್ಮನಿಗೆ ಬರೆಯಬೇಕು.

ಜೂನ್ 10, ಸೋಮವಾರ

ಎಷ್ಟೋ ದಿನವಾಯಿತು ಇಲ್ಲಿ ಬರೆದು. ಪುರುಸೊತ್ತಾಗಲಿಲ್ಲ. ಅಲಮೇಲಮ್ಮನವರ ಮನೆಗೆ ಪೆಟ್ಟಿಗೆ ಬಂದಾಗ ಹೋಗಿ ಜೋಡಿಸಿಕೊಟ್ಟು ಬಂದೆ. ಆಮೇಲೆ ಅವರ ತಂಗಿಯ ಮನೆಗೆ.

ಇವತ್ತು ಹಮಾಲರು ಬರುವ ಮೊದಲು ಪೆಟ್ಟಿಗೆ ಖಾಲಿ ಮಾಡಿದೆ. ಗ್ಯಾಲರಿಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ನಾನು ಪಾತ್ರೆ ತೆಗೆದು ತೆಗೆದು ಕೊಟ್ಟೆ, ಯಾರದೆಂದು ಕೇಳಬೇಕಾಗಲಿಲ್ಲ. ಅಂಚು ನೆಗ್ಗಿದ ಹಿತ್ತಾಳೆಯದು ವಾರಿಜಳದು, ಹಿಡಿಗೆ ದಾರ ಕಟ್ಟಿದ್ದು ಮರಾಠಿ ಅಜ್ಜಿಯದು, ಬೆಣ್ಣೆಯ ಮಣ್ಣಿನ ಗಡಿಗೆ ರುದ್ರವ್ವನದು. ಹನ್ನೊಂದು ಮನೆಯ ಪಾತ್ರೆ.

"ಇಷ್ಟು ಸಾಮಾನು ಎಲ್ಲಿ ಇಡುದು ಈಗ?" ಎಂದಳು ವಾರಿಜಾ. "ನಾಳೆಗೆ ಎಲ್ಲ ಹೋಗ್ತದೆ."

"ನಾಳೀಗ್ಯಾಕ ಇಡತೀರಿ? ಇವತ್ತ ತಿಂದು ಮುಗಸ್ರಿ," ಎಂದಳು ರುದ್ರವ್ವ.

ಹಾಗೇ ಆಯಿತು. ಐದು ಗಂಟೆಗೇ ಗ್ಯಾಲರಿಯಲ್ಲಿ ಚಾಪೆ ಹಾಸಿದೆವು. ಹಿಟ್ಟೆಲ್ಲ ಇಡ್ಲಿ, ದೋಸೆಯಾಯಿತು. ರುದ್ರವ್ವನ ಬೆಣ್ಣೆ ಎಲ್ಲರ ದೋಸೆಯ ಮೇಲೂ ಬಿತ್ತು. ಅಜ್ಜಿಯ ಚಕ್ಕಾ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು, ಶ್ರೀಖಂಡವಾಯಿತು. ಇವರು ಆಫೀಸಿನಿಂದ ಬಂದವರು ಬೂಟು ಬಿಚ್ಚಿ ಸಾಲಿನಲ್ಲಿ ಕೂತರು. ನನ್ನ ಇಡ್ಲಿ ಪಾತ್ರೆ ಪುಟ್ಟದು, ಸಲಕ್ಕೆ ಎಂಟೇ ಇಡ್ಲಿ. ಒಂಬತ್ತು ಸಲ ಹಾಕಿದರೂ "ಇನ್ನೂ ಇದೆಯಾ" ಎನ್ನುತ್ತಿದ್ದರು. ಬೆವರಿ ನೀರಾದೆ.

ನಡುವೆ ಅಮ್ಮನಿಗೆ ಕಾಗದ ಬರೆಯಲು ಕೂತೆ. ಇವರ ಕೆಲಸ ಇಲ್ಲೇ ಖಾಯಂ ಆಯಿತು, ಬೇಸರ ಮಾಡಿಕೊಳ್ಳಬೇಡ, ದೀಪಾವಳಿಗೆ ಬರುತ್ತೇವೆ ಎಂದು ಬರೆದೆ. ಇನ್ನೂ ಬರೆಯುವುದಿತ್ತು. ಅಷ್ಟರಲ್ಲಿ ರುದ್ರವ್ವ ಹೊರಗಿನಿಂದ, "ತಂಗೀ, ಇಡ್ಲಿ ಸೀದು ಹೋಗಾಕತ್ತಾವ!" ಎಂದು ಕೂಗಿದಳು. ನಿಂತುಕೊಂಡೇ ಕೊನೆಯ ಸಾಲು ಗೀಚಿದೆ: "ಮದುವೇಲಿ ಕೊಟ್ಟ ದೊಡ್ಡ ಇಡ್ಲಿ ಪಾತ್ರೆ, ಹೇಗೂ ವಾಪಸ್ ಬರ್ತೀನಲ್ಲ ಅಂತ ಅಟ್ಟದ ಮೇಲೆ ಹಾಕಿಸಿ ಬಂದಿದ್ದೆನಲ್ಲ, ಅದನ್ನು ಗೋಣಿ ಸುತ್ತಿ ರೈಲಿಗೆ ಹಾಕಿ ಕಳಿಸು. ಬೇಗ ಕಳಿಸು. ಇಲ್ಲಿರೋದು ಸಾಲುವುದಿಲ್ಲ."